ಬಾಣಂತಿ ಕೋಣೆಯ ಒಲೆ

ಆ ವರ್ಷ ಪುಷ್ಯದ ಚಳಿ ಮದ್ದೂರಿನ ಪಕ್ಕದ ಕೊಪ್ಪದ ಮೇಲೆ ಬಂದು ಕೂತದ್ದು ಏಳುವ ಮಾತೇ ಆಡಲಿಲ್ಲ. ಹೊತ್ತು ಮೇಲೇರಿದರೂ ಕಬ್ಬಿನ ಗದ್ದೆಗಳ ಮೇಲಿನ ಮಂಜು ಕರಗುತ್ತಿರಲಿಲ್ಲ. ಊರಿನವರು ಕಂಬಳಿ ಹೊದ್ದು, ಚಳಿಯನ್ನು ನಾಲ್ಕು ಮಾತು ಬೈದು ತಮ್ಮ ಕೆಲಸಕ್ಕೆ ಹೋದರು. ಹೊನ್ನಯ್ಯನ ಹೆಂಡತಿ ಮಲ್ಲಿಗಮ್ಮ ಮಾತ್ರ ಚಳಿಯನ್ನು ಬೈಯಲಿಲ್ಲ. ಅವಳು ಅದಕ್ಕೆ ಹೆದರಿದ್ದಳು. ಮಗಳು ಯಶೋದ ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು.

ಎರಡು ವರ್ಷದ ಕೆಳಗೆ ಇದೇ ಮನೆಯ ಇದೇ ಕೋಣೆಯಲ್ಲಿ ಯಶೋದಳ ಚೊಚ್ಚಲ ಕೂಸು ಹುಟ್ಟಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಹೆಸರಿಡುವ ಮುಂಚೆಯೇ ಹೊರಟುಹೋಗಿತ್ತು. ಶೀತವಾಗಿ ಹೋಯಿತು ಎಂದರು. ಆಗ ಮಲ್ಲಿಗಮ್ಮ ಒಂದು ಮಧ್ಯಾಹ್ನ, ಕೋಣೆಯ ಮುಗ್ಗಲು ವಾಸನೆ ಹೋಗಲಿ ಎಂದು ಕಿಟಕಿಯನ್ನು ಸ್ವಲ್ಪ ಹೊತ್ತು ತೆರೆದಿಟ್ಟಿದ್ದಳು. ಅತ್ತೆ ಸೋಮಮ್ಮ ಅದನ್ನು ಜಗಳ ಮಾಡಿ ಹೇಳಲಿಲ್ಲ. ಅವರೆ ಸುಲಿಯುತ್ತಾ, ತಲೆ ಎತ್ತದೆ, “ಕಿಟ್ಕಿ ತಗೀಬಾರ್ದಾಗಿತ್ತು ಕಣವ್ವ” ಎಂದಳು, ಅಷ್ಟೆ. ಜಗಳವಾಡಿದ್ದರೆ ಮಲ್ಲಿಗಮ್ಮ ತಿರುಗಿ ಒಂದು ಮಾತಾಡಿ ಹಗುರವಾಗುತ್ತಿದ್ದಳೇನೋ. ಆ ಒಂದು ಮಾತು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಅದಕ್ಕೇ ಈ ಸಲ ಅವಳು ಗಂಡನ ಬೆನ್ನು ಹತ್ತಿದಳು.

“ಮಡಕೇಲಿ ಕೆಂಡ ಇಟ್ರೆ ಎಷ್ಟೊತ್ತು ಇದ್ದಾತು? ತಣ್ಣಗಾದ ಮ್ಯಾಕೆ ಯಾರು ಕೂತ್ಕೊಂಡು ಊದೋರು? ಏನಾರ ಒಂದು ಮಾಡಿ ಅಂತಿವ್ನಿ.”

ಹೊನ್ನಯ್ಯ ಮದ್ದೂರಿಗೆ ಹೋಗಿ ಮೆಹಬೂಬ್ ಪಾಷಾನನ್ನು ಕರೆತಂದ.

ಪಾಷಾ ಮದ್ದೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ತಗಡಿನ ಕೆಲಸದ ಅಂಗಡಿ ಇಟ್ಟುಕೊಂಡಿದ್ದ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ, ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ಒಂದು ಉದ್ದನೆಯ ಕಬ್ಬಿಣದ ಪೀಪಾಯಿ ಕಟ್ಟಿರುತ್ತಿದ್ದರು. ಅದರೊಳಗೆ ಇದ್ದಿಲು ಉರಿದು ಹುಟ್ಟುವ ಗ್ಯಾಸಿನಿಂದ ಎಂಜಿನ್ನು ನಡೆಯುತ್ತಿತ್ತು. ಆ ಪೀಪಾಯಿಗಳ ತೂತು ಮುಚ್ಚುವುದು, ಕೊಳವೆ ಕಟ್ಟಿಕೊಂಡರೆ ಬಿಡಿಸುವುದು ಪಾಷಾನ ಕೆಲಸ. ಸವೆದುಹೋದ ಅಂಥದೊಂದು ಪೀಪಾಯಿಯನ್ನೇ ಕತ್ತರಿಸಿ, ಮೊಣಕಾಲೆತ್ತರದ ಒಲೆ ಮಾಡಿಕೊಂಡು ಅವನು ಕೊಪ್ಪಕ್ಕೆ ಬಂದ.

ಹೆರಿಗೆ ಇನ್ನೂ ಆಗಿರಲಿಲ್ಲವಾದ್ದರಿಂದ ಗಂಡಸರು ಆ ಕೋಣೆಗೆ ಹೋಗಬಹುದಿತ್ತು. ಪಾಷಾ ಚಪ್ಪಡಿಯ ಮೇಲೆ ಒಲೆ ಕೂರಿಸಿದ, ಹಿತ್ತಲ ಕಡೆಯ ಮಣ್ಣಿನ ಗೋಡೆ ಕೊರೆದು ಕೊಳವೆ ತೂರಿಸಿದ, ಸಂದಿಗೆಲ್ಲ ಜೇಡಿಮಣ್ಣು ಮೆತ್ತಿದ. ಹೊರಗೆ ಕೊಳವೆಯನ್ನು ಸೂರಿನ ಎತ್ತರಕ್ಕೆ ತಿರುಗಿಸಿ, ತುದಿಗೆ ಒಂದು ತಗಡಿನ ಮುಚ್ಚಳವನ್ನು ಗಾಳಿಯಾಡುವಂತೆ ಎತ್ತರಿಸಿ ಕೂರಿಸಿದ.

ಸೋಮಮ್ಮ ಕೋಲೂರಿಕೊಂಡು ಹಿತ್ತಲಿಗೆ ಬಂದು ಅದನ್ನು ನೋಡಿದಳು. “ಏನ್ ಸಾಬ್ರೆ, ಒಲೆಗೂ ನಿಮ್ಮಂಗೆ ಟೋಪಿ ಆಕ್ಬುಟ್ರಲ್ಲ!”

“ಟೋಪಿ ಇಲ್ದಿದ್ರೆ ಮಳೆ ಬಂದಾಗ ನಿಮ್ಮ ಒಲೆಗೆ ನೆಗಡಿ ಆಯ್ತದೆ ಅಜ್ಜಿ.”

“ಈ ಕಬ್ಣ ಎಲ್ಲೀದು?”

“ಬಸ್ಸಿಂದು. ಮಳವಳ್ಳಿ ದಾರೀಲಿ ಓಡ್ತಿದ್ದ ಬಸ್ಸು.”

“ಬಸ್ಸಿನ ಕಬ್ಣ ಬಾಣಂತಿ ಕ್ವಾಣೆಗಾ? ರಾತ್ರೆಲ್ಲ ಓಡಾಡ್ತೀನಿ ಅಂದ್ರೆ ಏನ್ ಗತಿ?” ಎಂದು ಮುದುಕಿ ಕೇಳಿದಾಗ ಪಾಷಾ ನಕ್ಕ, ಹೊನ್ನಯ್ಯ ನಕ್ಕ, ಹೊಟ್ಟೆ ಹಿಡಿದುಕೊಂಡು ಯಶೋದಳೂ ನಕ್ಕಳು. ಪಾಷಾ ಒಣಗಿದ ಸೌದೆ ಒಟ್ಟಿ ಉರಿ ಹಚ್ಚಿದ. ಕೊಳವೆ ಗುರ್ ಎಂದಿತು. ಹೊಗೆಯೆಲ್ಲ ಸೂರಿನ ಆಚೆ ಹೋಗಿ, ಕಬ್ಬಿಣ ನಿಧಾನವಾಗಿ ಕಾವೇರಿತು. ಮಲ್ಲಿಗಮ್ಮ ಒಲೆಯ ಮುಂದೆ ಅಂಗೈ ಹಿಡಿದು ಕೂತಳು.

ಹೆಣ್ಣು ಕೂಸು ಹುಟ್ಟಿತು. ಕೆಂಪಗೆ, ತಲೆತುಂಬ ಕೂದಲು. ಎಲ್ಲ ಬಾಣಂತಿ ಮನೆಗಳ ಹಾಗೆ ಕೋಣೆಯ ಕಿಟಕಿಗೆ ಗೋಣಿತಾಟು ಬಿಗಿದರು, ಬಾಗಿಲಿಗೆ ಕಂಬಳಿ ಇಳಿಬಿಟ್ಟರು, ಹೆಂಚಿನ ಸಂದಿಗೆ ಹುಲ್ಲು ತುರುಕಿದರು. ಗಾಳಿ ಬರುವ ಕಡೆಯಲ್ಲೆಲ್ಲ ಬೇವಿನ ಸೊಪ್ಪು ಸಿಕ್ಕಿಸಿದರು. ಇನ್ನು ಮನೆಯ ಗಂಡಸರೂ ಆ ಹೊಸಲು ದಾಟುವಂತಿರಲಿಲ್ಲ.

ಮೊದಲೆರಡು ದಿನ ಸೌದೆಯನ್ನೇ ಉರಿಸಿದರು. ಆದರೆ ಸೌದೆ ಹಾಕಲು ಒಲೆಯ ಬಾಯಿ ತೆಗೆದಾಗಲೆಲ್ಲ ಒಂದಿಷ್ಟು ಹೊಗೆ ಈಚೆಗೂ ಬರುತ್ತಿತ್ತು. ಕೂಸು ಸೀನುತ್ತಿತ್ತು. ಅದು ಸೀನಿದರೆ ಸಾಕು, ಮಲ್ಲಿಗಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ಶೀತವೇ? ಶುರುವಾಯಿತೇ?

“ಬಾಣಂತಿ ಕಣ್ಣಿಗೆ ಹೊಗೆ ಆಗ್ದು ಕಣೆ” ಎಂದಳು ಸೋಮಮ್ಮ. “ನಮ್ಮ ಕಾಲ್ದಲ್ಲಿ ಕೆಂಡ ಅಲ್ವ ಇಡ್ತಿದ್ದುದು? ಇದ್ಲು ತರ್ಸು. ಅದ್ಕೆ ಹೊಗೆಯೂ ಇಲ್ಲ, ಕಾಟವೂ ಇಲ್ಲ.”

ಹೊನ್ನಯ್ಯ ಬಸ್ಸಿನವರ ಕೈಕಾಲು ಹಿಡಿದು ಅರ್ಧ ಮೂಟೆ ಇದ್ದಿಲು ತಂದ. ಇದ್ದಿಲು ಉರಿದ ಮೇಲೆ ಕೋಣೆ ಎಷ್ಟು ಚೆನ್ನಾಯಿತು! ಹೊಗೆಯಿಲ್ಲ, ಬೂದಿ ಹಾರುವುದಿಲ್ಲ, ಕಿಡಿ ಸಿಡಿಯುವುದಿಲ್ಲ. ಕೆಂಡ ಸದ್ದಿಲ್ಲದೆ ಕೆಂಪಗೆ ಕೂತಿರುತ್ತಿತ್ತು. ಕೂಸು ಸೀನುವುದನ್ನು ಬಿಟ್ಟಿತು.

ಅದರ ಮಾರನೆಯ ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಮಲ್ಲಿಗಮ್ಮ ತಲೆಯೆತ್ತಿ ಕೊಳವೆಯ ಬಾಯಿ ನೋಡಿದಳು. ಅಲ್ಲಿಂದ ಹೊಗೆಯ ಒಂದು ಎಳೆಯೂ ಬರುತ್ತಿರಲಿಲ್ಲ. ಬರಲು ಒಳಗೆ ಹೊಗೆಯಾದರೂ ಎಲ್ಲಿತ್ತು? ಅಷ್ಟರಲ್ಲಿ ಗದ್ದೆಯ ಕಡೆಯಿಂದ ಕುಳಿರ್ಗಾಳಿ ಬೀಸಿ ಆ ತಗಡಿನ ಟೋಪಿ ಟಪಟಪ ಬಡಿದುಕೊಂಡಿತು. ಅವಳ ಮೈ ಜುಂ ಎಂದಿತು. ಕಿಟಕಿಗೆ ತಾಟು ಕಟ್ಟಿದ್ದಾಯಿತು, ಬಾಗಿಲಿಗೆ ಕಂಬಳಿ ಬಿಟ್ಟಿದ್ದಾಯಿತು, ಹೆಂಚಿನ ಸಂದಿ ಮುಚ್ಚಿದ್ದಾಯಿತು. ಗೋಡೆಯಲ್ಲಿ ಇಷ್ಟು ದೊಡ್ಡ ತೂತು ಮಾತ್ರ ಬಾಯಿ ತೆರೆದುಕೊಂಡೇ ಇದೆಯಲ್ಲ! ಇದರಲ್ಲಿ ಇಳಿದ ಗಾಳಿ ನೇರವಾಗಿ ಹೋಗಿ ಮುಟ್ಟುವುದು ಯಾರನ್ನು?

ಸೌದೆ ಉರಿಸುವಾಗ ಕೊಳವೆ ಬೇಕಿತ್ತು. ಈಗ ಹೊಗೆಯೇ ಇಲ್ಲವೆಂದ ಮೇಲೆ ಅದರಿಂದ ಏನು ಕೆಲಸ? ಅವಳು ಏಣಿ ತಂದು ಗೋಡೆಗೆ ಒರಗಿಸಿದಳು. ತನ್ನ ಹಳೆಯ ಸೀರೆಯನ್ನು ಹರಿದು, ಹುಲ್ಲಿನ ಸಿಂಬಿಗೆ ಸುತ್ತಿ, ಟೋಪಿಯ ಕೆಳಗಿನಿಂದ ಕೊಳವೆಯೊಳಕ್ಕೆ ಗಟ್ಟಿಯಾಗಿ ತುರುಕಿದಳು. ಮೇಲೆ ಒಂದು ಹಿಡಿ ಬೇವಿನ ಸೊಪ್ಪು ಸಿಕ್ಕಿಸಿ, ಕೈ ಮುಗಿದು ಇಳಿದಳು. ಸಂಜೆ ಕೋಣೆ ಬೆಚ್ಚಗೆ ಬಸಿರಿನ ಹಾಗಿತ್ತು.

“ನೋಡೆ, ಮಗೀನ ಕೆನ್ನೆ ಎಂಗ್ ಕೆಂಪಾಗವೆ” ಎಂದಳು ಸೋಮಮ್ಮ, ಮೊಮ್ಮಗಳು ಯಶೋದಳ ಮುಖ ಸವರುತ್ತಾ. “ಬಾಣಂತಿ ಅಂದ್ರೆ ಇಂಗಿರ್ಬೇಕು.”

ಯಶೋದಳಿಗೆ ತಲೆನೋವು ಶುರುವಾದದ್ದು ಅದರ ಮಾರನೆಯ ಬೆಳಗ್ಗೆ.

“ತಲೆ ಸಿಡೀತದೆ ಕಣವ್ವ. ಸುತ್ತಿ ಸುತ್ತಿ ಬಿಗಿದಂಗಾಯ್ತದೆ.”

“ನಿದ್ದೆ ಕೆಟ್ಟದೆ ಮಗ, ಅದ್ಕೆ.”

ಮೆಣಸಿನ ಸಾರು ಕುಡಿಸಿದರೆ ಕಕ್ಕಿದಳು. ಎದ್ದು ನಿಂತರೆ ಕಾಲು ತಡವರಿಸಿದವು. ಕೂಸು ಎರಡು ಸಲ ಚೀಪಿ ಮೊಲೆ ಬಿಟ್ಟುಬಿಡುತ್ತಿತ್ತು. ಅಳುವುದನ್ನೂ ಕಡಿಮೆ ಮಾಡಿತ್ತು. ಅಕ್ಕಪಕ್ಕದವರು, ಎಂಥ ಸಾಧು ಮಗು, ಇರುವುದೇ ಗೊತ್ತಾಗುವುದಿಲ್ಲ ಎಂದರು. ಆ ಮಾತು ಮಲ್ಲಿಗಮ್ಮನಿಗೆ ಹಿತವಾಗಲಿಲ್ಲ. ಹೋದ ಕೂಸೂ ಕೊನೆಕೊನೆಗೆ ಹೀಗೇ ಸಾಧುವಾಗಿತ್ತು.

“ಎಲ್ಲೋ ಗಾಳಿ ಒಳೀಕ್ ಬತ್ತಾ ಅದೆ” ಎಂದಳು ಸೋಮಮ್ಮ. “ಇನ್ನೊಂದ್ ಹಿಡಿ ಇದ್ಲು ಆಕು.”

ಮಲ್ಲಿಗಮ್ಮ ಹಾಕಿದಳು. ತಾನೇ, ತನ್ನ ಕೈಯಾರೆ, ಒಂದೊಂದು ತುಂಡನ್ನೂ ಇಕ್ಕಳದಲ್ಲಿ ಹಿಡಿದು ಇಟ್ಟಳು. ಬಾಗಿಲ ಕಂಬಳಿಯ ಅಡಿಗೆ ಇನ್ನೊಂದು ಚೀಲ ಒತ್ತರಿಸಿದಳು. ಅವಳ ತಲೆಯೂ ನೋಯುತ್ತಿತ್ತು. ಆದರೆ ಹಾಲು ಕರೆಯುವುದು, ಮುದ್ದೆ ತಿರುವುವುದು, ಕೂಸಿನ ಬಟ್ಟೆ ಒಗೆಯುವುದು ಎಂದು ಅವಳು ದಿನವೆಲ್ಲ ಒಳಗೂ ಹೊರಗೂ ಸುತ್ತುತ್ತಿದ್ದುದರಿಂದ ನೋವು ಬಂದು ಬಂದು ಹೋಗುತ್ತಿತ್ತು. ಅವಳು ಅದನ್ನು ಲೆಕ್ಕಕ್ಕೆ ಇಡಲಿಲ್ಲ.

ಎಣ್ಣೆನೀರಿನ ದಿನ ಮಗಳನ್ನು ತೋಳಿಗೆ ಒರಗಿಸಿಕೊಂಡು ಹಿತ್ತಲ ಬಚ್ಚಲಿಗೆ ಕರೆತಂದಳು. ಬಿಸಿನೀರು ಹುಯ್ಯುವಷ್ಟರಲ್ಲಿ ಯಶೋದ ಕಣ್ಣರಳಿಸಿದಳು. “ತಲೆ ಅಗೂರಾಯ್ತು ಕಣವ್ವ. ಅಸಿವಾಯ್ತದೆ” ಎಂದಳು. ನಗುಮುಖ ಕೂಡ ಮಾಡಿದಳು. ಮಲ್ಲಿಗಮ್ಮನ ಜೀವ ಬಂದಂತಾಯಿತು. ಅದೇ ಮಗಳು ಕೋಣೆಗೆ ಹೋಗಿ ಮಲಗಿ ಸ್ವಲ್ಪ ಹೊತ್ತಾಗುವುದರೊಳಗೆ ಮತ್ತೆ ಹಣೆ ಹಿಡಿದುಕೊಂಡು ನರಳಿದಳು.

ಆಗ ಮಲ್ಲಿಗಮ್ಮನಿಗೆ ನಿಜವಾದ ಭಯ ಹತ್ತಿತು. ಹೊರಗೆ ಬಂದರೆ ಸರಿಹೋಗುತ್ತಾಳೆ, ಒಳಗೆ ಹೋದರೆ ಬೀಳುತ್ತಾಳೆ. ಹಾಗಾದರೆ ಕೇಡು ಇರುವುದು ಕೋಣೆಯಲ್ಲಿ. ಮೊದಲ ಕೂಸನ್ನು ತೆಗೆದುಕೊಂಡದ್ದೂ ಈ ಕೋಣೆಯೇ. ಅವಳು ಹೊಸಲಿನಲ್ಲಿ ನಿಂತು ಒಳಗೆ ನೋಡಿದಳು. ಕತ್ತಲೆಯ ಮೂಲೆಯಲ್ಲಿ ಆ ಒಲೆ ಕೆಂಪು ಬಾಯಿ ತೆರೆದುಕೊಂಡು, ಸದ್ದಿಲ್ಲದೆ, ತಾಳ್ಮೆಯಿಂದ ಕೂತಿತ್ತು. ಯಾರನ್ನೋ ಕಾಯುವವರ ಹಾಗೆ.

“ಆ ಕಬ್ಣ ಕಣೆ” ಎಂದಳು ಸೋಮಮ್ಮ ಬೆನ್ನ ಹಿಂದಿನಿಂದ, ದನಿ ತಗ್ಗಿಸಿ. “ಬಸ್ಸಿನ ಅಡೀಲಿ ಯಾರ್ ಬಿದ್ದು ಸತ್ತಿದ್ರೋ ಏನೋ. ಕಬ್ಣ ಮರೆಯಾಕಿಲ್ಲ.”

ಮಲ್ಲಿಗಮ್ಮ ಗಂಡನನ್ನು ರಸ್ತೆಗೆ ಓಡಿಸಿದಳು. ಮದ್ದೂರಿಗೆ ಹೋಗುವ ಸಂಜೆಯ ಬಸ್ಸಿನ ಡ್ರೈವರಿಗೆ ಹೇಳಿಕಳಿಸಿದ್ದಾಯಿತು: ಪಾಷಾ ಬೆಳಗ್ಗೆ ಮೊದಲ ಬಸ್ಸಿಗೇ ಬರಬೇಕು, ಒಲೆ ಕಿತ್ತುಕೊಂಡು ಹೋಗಬೇಕು.

ಬೆಳಗ್ಗೆ ಮಂಜು ಎದುರಿಗಿರುವ ಹುಣಸೆಮರವನ್ನೂ ನುಂಗಿತ್ತು. ಮಲ್ಲಿಗಮ್ಮ ಹಾಲು ಕರೆದಿಟ್ಟು, ಶುಂಠಿ ಬೆಲ್ಲದ ಕಷಾಯ ಕಾಯಿಸಿಕೊಂಡು, ಕಂಬಳಿ ಸರಿಸಿ ಕೋಣೆಗೆ ಹೋದಳು. “ಏಳವ್ವ, ಬಿಸಿಯಾಗಿ ಒಂದ್ ಗುಟುಕು ಕುಡೀವಂತೆ” ಎಂದಳು.

ಯಶೋದ ಏಳಲಿಲ್ಲ.

ಲೋಟ ಕೆಳಗಿಟ್ಟು ಭುಜ ಅಲುಗಿಸಿದಳು. ತಲೆ ಅತ್ತ ವಾಲಿತು. ಬಾಯಿ ಅರೆ ತೆರೆದಿತ್ತು. ಮುಖ ಮಾತ್ರ ಕುಂಕುಮ ಸವರಿದ ಹಾಗೆ ಕೆಂಪಗೆ, ಜಾತ್ರೆಗೆ ಹೊರಟವಳ ಹಾಗೆ ಲಕ್ಷಣವಾಗಿತ್ತು. ಪಕ್ಕದಲ್ಲಿದ್ದ ಕೂಸಿನ ಕೈ ಎತ್ತಿದರೆ, ಎತ್ತಿದ ಕೈ ಹಾಗೇ ಜಾರಿ ಬಿತ್ತು. ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರು ಇದೆಯೋ, ತನ್ನ ಬೆರಳೇ ನಡುಗುತ್ತಿದೆಯೋ, ತಿಳಿಯಲಿಲ್ಲ.

ಅವಳು ಕಿರಿಚಿದ್ದು ಹಿತ್ತಲವರೆಗೂ ಕೇಳಿಸಿತು. ಆಗತಾನೇ ಬಸ್ಸಿಳಿದು ಬಂದ ಮೆಹಬೂಬ್ ಪಾಷಾ ಹೊನ್ನಯ್ಯನ ಜೊತೆ ಅಲ್ಲಿಯೇ ನಿಂತಿದ್ದ. ಬಾಣಂತಿ ಕೋಣೆಗೆ ಅವನು ಬರುವಂತಿಲ್ಲ. ಗೋಡೆಯ ಆಚೆಯಿಂದಲೇ ಕೂಗಿದ.

“ಏನಾಯ್ತು ಮಲ್ಲಿಗಕ್ಕ? ಏನಾಯ್ತು?”

“ಏಳ್ತಾ ಇಲ್ಲ ಪಾಸಣ್ಣ! ಮಗಳು ಏಳ್ತಾನೇ ಇಲ್ಲ!”

“ಒಲೇಲಿ ಏನ್ ಉರೀತಾ ಅದೆ?”

“ಇದ್ಲು.”

ಗೋಡೆಯ ಆಚೆಯಿಂದ ಬಂದ ದನಿ ಬೇರೆಯವರದೇನೋ ಎನ್ನುವಷ್ಟು ಸಣ್ಣಗಾಗಿತ್ತು.

“ಮೊಕ ಕೆಂಪಗದಾ ಅಕ್ಕ?”

“ಊಂ. ಕೆಂಪಗದೆ.”

“ಯಾ ಅಲ್ಲಾ! ಕಿಟ್ಕಿ ತಗೀರಿ. ಬಾಗ್ಲು ತಗೀರಿ. ಇಬ್ರನ್ನೂ ಈಚೀಕೆ ತನ್ನಿ. ಈಗ್ಲೇ! ಅದು ಇದ್ಲಿನ ಗ್ಯಾಸು. ಕಣ್ಣಿಗೆ ಕಾಣಾಕಿಲ್ಲ, ಮೂಗಿಗೂ ಸಿಗಾಕಿಲ್ಲ. ನಮ್ಮ ಕ್ಲೀನರ್ ಗಫಾರ್ ಬಸ್ಸಲ್ಲಿ ಬಾಗ್ಲಾಕ್ಕೊಂಡು ಮಲಗಿದ್ದೋನು ಇಂಗೇ ಕೆಂಪಗೆ ಮಲಗಿದ್ದ. ಏಳ್ಲೇ ಇಲ್ಲ. ತನ್ನಿ ಅಕ್ಕ, ಗಾಳಿಗೆ ತನ್ನಿ!”

ಗಾಳಿಗೆ.

ಮಲ್ಲಿಗಮ್ಮ ಕಿಟಕಿಯ ತಾಟಿಗೆ ಕೈ ಹಾಕಿದಳು. ಸೋಮಮ್ಮ ಬಾಗಿಲಿಗೆ ಅಡ್ಡ ಬಂದು ನಿಂತಿದ್ದಳು.

“ತಗೀಬ್ಯಾಡ ಕಣೆ! ಹಸಿ ಬಾಣಂತೀನ ಈ ಮಂಜಿಗೆ ಮಲಗುಸ್ತೀಯಾ? ಒಂದ್ಸಲ ತಗ್ದು ಒಂದ್ ಮಗಾನ ಕಳ್ಕೊಂಡಿದ್ದು ಸಾಲ್ದಾ? ಆ ಸಾಬ್ರ ಮಾತು ಕಟ್ಕೊಂಡು—”

ಮಲ್ಲಿಗಮ್ಮನ ಕೈ ನಿಂತುಬಿಟ್ಟಿತು. ಗೋಡೆಯ ಆಚೆಯಿಂದ ಒಬ್ಬ ಗಾಳಿಗೆ ತಾ ಎನ್ನುತ್ತಿದ್ದ, ಬೆನ್ನ ಹಿಂದಿನಿಂದ ಒಬ್ಬಳು ಗಾಳಿ ಸೋಕಿಸಬೇಡ ಎನ್ನುತ್ತಿದ್ದಳು. ಎರಡರಲ್ಲಿ ಒಂದು ಮಾತು ಕೊಲ್ಲುತ್ತದೆ. ಯಾವುದು? ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ಬಚ್ಚಲಲ್ಲಿ ಕೂತು ಅಸಿವಾಯ್ತದೆ ಎಂದ ಮಗಳ ಮುಖ. ಬಚ್ಚಲಿಗೆ ಬಾಗಿಲಿರಲಿಲ್ಲ. ಅಲ್ಲಿ ಗಾಳಿ ಸುಯ್ಯೆಂದು ಬೀಸುತ್ತಿತ್ತು.

ಅವಳು ತಾಟನ್ನು ಎರಡೂ ಕೈಯಲ್ಲಿ ಹಿಡಿದು ಹರಿದಳು.

ಮಂಜು ಮಿಶ್ರಿತ ಗಾಳಿ ಮುಖಕ್ಕೆ ಅಪ್ಪಳಿಸಿತು. ಅವಳು ಕೂಸನ್ನು ಎದೆಗೊತ್ತಿಕೊಂಡು, “ಅತ್ತೆ, ಜರುಗಿ!” ಎಂದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಅಂಥ ದನಿಯಲ್ಲಿ ಅವಳು ಮಾತಾಡಿರಲಿಲ್ಲ. ಮುದುಕಿ ಸರಿದು ನಿಂತಳು. “ರೀ, ಒಳೀಕ್ ಬನ್ನಿ, ಮಗಳ್ನ ಎತ್ಕಳಿ!” ಎಂದು ಮಲ್ಲಿಗಮ್ಮ ಗಂಡನನ್ನು ಕೂಗಿದಳು. ಹೊನ್ನಯ್ಯ ಹೊಸಲಿನ ಹತ್ತಿರ ಬಂದವನು ಅಭ್ಯಾಸದಿಂದ ಒಮ್ಮೆ ತಡೆದ, ಆಮೇಲೆ ನುಗ್ಗಿದ. ಮಗಳನ್ನು ಭತ್ತದ ಮೂಟೆಯ ಹಾಗೆ ಎರಡು ತೋಳಲ್ಲೂ ಎತ್ತಿಕೊಂಡು ಹಿತ್ತಲಿಗೆ ತಂದು, ಕೊಟ್ಟಿಗೆಯ ಪಕ್ಕದ ಒಣಹುಲ್ಲಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದ.

ಪಾಷಾ ದೂರ ಸರಿದು ನಿಂತುಕೊಂಡ. ಬಾಣಂತಿಯ ಕಡೆ ನೇರವಾಗಿ ನೋಡಲಾರದೆ, ನೋಡದೆಯೂ ಇರಲಾರದೆ, ಟವೆಲನ್ನು ಹಿಂಡುತ್ತಿದ್ದ.

“ಕೂಸಿನ ಮೊಕ ಮುಚ್ಚಬ್ಯಾಡಿ ಅಕ್ಕ.”

“ಚಳಿ ಕಣಣ್ಣ…”

“ಮೈ ಮುಚ್ಚಿ, ಮೊಕ ಬುಡಿ. ಗಾಳೀಗೆ ಮೊಕ ಕೊಡಿ.”

ಮಲ್ಲಿಗಮ್ಮ ಕೂಸಿನ ಮುಖದ ಮೇಲಿದ್ದ ಸೆರಗನ್ನು ತೆಗೆದಳು. ಇಷ್ಟು ದಿನ ಯಾವ ಗಾಳಿಗೆ ಹೆದರಿ ಸಂದಿಗೊಂದಿಗೆಲ್ಲ ಚಿಂದಿ ತುರುಕಿದಳೋ, ಅದೇ ಗಾಳಿಗೆ ಎದುರಾಗಿ ಮೊಮ್ಮಗುವನ್ನು ಎತ್ತಿ ಹಿಡಿದಳು. ಪುಟ್ಟ ಹಣೆಯ ಮೇಲೆ ಮಂಜಿನ ಹನಿ ಕೂತವು. ಕೊಂದುಬಿಟ್ಟೆನೇ? ಈಗ ಕೊಲ್ಲುತ್ತಿರುವೆನೇ? ಅವಳ ಬಾಯಲ್ಲಿ ದೇವರ ಹೆಸರು ಕೂಡ ಬರಲಿಲ್ಲ. “ಉಸ್ರಾಡೆ, ಉಸ್ರಾಡೆ ನನ್ ಕಂದ” ಎಂದಷ್ಟೇ ಬಂತು.

ಅಷ್ಟರಲ್ಲಿ ಸುಮ್ಮನೆ ನಿಲ್ಲಲಾರದೆ ಪಾಷಾ ಏಣಿ ಹತ್ತಿದ್ದ. “ನಾನು ಕೊಳವೆ ಇಟ್ಟಿದ್ನಲ್ಲ, ಇದ್ಲಾದ್ರೂ ಗ್ಯಾಸು ಈಚೀಕೆ ಓಗ್ಬೇಕಿತ್ತಲ್ಲ” ಎಂದು ತನಗೇ ಹೇಳಿಕೊಳ್ಳುತ್ತಿದ್ದ. “ನನ್ನ ಕೆಲ್ಸದಲ್ಲೇ ಏನೋ ತಪ್ಪಾಗದೆ. ಬೆಸುಗೆ ಬುಟ್ಟದಾ, ಗುಬ್ಬಿ ಗೂಡು ಕಟ್ಟದಾ…” ಟೋಪಿಯ ಕೆಳಗೆ ಕೈ ಹಾಕಿದ. ಬಾಡಿದ ಬೇವಿನ ಸೊಪ್ಪು ಉದುರಿತು. ಎಳೆದರೆ ಮಸಿ ಹಿಡಿದ ಒಂದು ಸಿಂಬಿ ಬಂತು, ಅದರ ಹಿಂದೆ ಸೀರೆಯ ಚೂರು, ಇನ್ನಷ್ಟು ಹುಲ್ಲು. ಅವನು ಅದನ್ನು ಹಿಡಿದುಕೊಂಡು ಕೆಳಗೆ ನೋಡಿದ.

“ಇದ್ಯಾರು ತುರುಕಿದ್ದು?”

ಮಲ್ಲಿಗಮ್ಮ ತಲೆಯೆತ್ತಿದಳು. ತನ್ನ ಸೀರೆಯ ಹಸಿರು ಅಂಚು ಮಸಿಯಲ್ಲೂ ಗುರುತು ಸಿಕ್ಕಿತು.

“ನಾನು” ಎಂದಳು. “ಹೊಗೆ ಇರ್ಲಿಲ್ವಲ್ಲ ಅಣ್ಣ. ಗಾಳಿ ಬತ್ತದೆ ಅಂತ ನಾನೇ ಮುಚ್ಚಿದೆ.”

ಅವನು ಬೈಯಲಿಲ್ಲ. ಬೈದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಕೂಸಿನ ಮೂಗಿನ ಹೊಳ್ಳೆ ಅಲುಗಿದ್ದವು. ಮುಖ ಸುಕ್ಕುಗಟ್ಟಿತು, ಬಾಯಿ ಸೊಟ್ಟಗಾಯಿತು, ಒಂದು ಪುಟಾಣಿ ಸೀನು ಬಂತು. ಮತ್ತೊಂದು. ಆಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ, ಸಿಟ್ಟಿನಿಂದ ಅಳು.

ಮಲ್ಲಿಗಮ್ಮ ಕೂಸನ್ನು ಹಿಡಿದುಕೊಂಡೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಆದರೆ ಪಕ್ಕದಲ್ಲಿ ಯಶೋದ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸೋಮಮ್ಮ ಬಂದು ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹೊನ್ನಯ್ಯ ಅಂಗಾಲು ತಿಕ್ಕುತ್ತಿದ್ದ. ಮಂಜು ತೆಳುವಾಗುತ್ತಾ ಬಂತು. ಹುಣಸೆಮರ ಮೊದಲು ನೆರಳಿನ ಹಾಗೆ, ಆಮೇಲೆ ಮರದ ಹಾಗೆ ಕಂಡಿತು. ಅಷ್ಟು ಹೊತ್ತಾದರೂ ಏಳದವಳು ಇನ್ನು ಏಳುತ್ತಾಳೆಯೇ ಎಂದು ಎಲ್ಲರ ಮನಸ್ಸಿನಲ್ಲಿತ್ತು.

“ಮಗಾನ ಅವ್ಳ ಎದೆ ಮ್ಯಾಲೆ ಬುಡು” ಎಂದಳು ಸೋಮಮ್ಮ ಕೊನೆಗೆ.

ಅಳುತ್ತಿದ್ದ ಕೂಸನ್ನು ಯಶೋದಳ ಎದೆಯ ಮೇಲೆ ಮಲಗಿಸಿದರು. ಅದು ತಡಕಾಡಿತು, ಸಿಗದೆ ಇನ್ನೂ ಜೋರಾಗಿ ಅತ್ತಿತು. ಯಶೋದಳ ಹುಬ್ಬು ಗಂಟಿಕ್ಕಿದವು. ಒಂದು ಕಡೆಗೆ ಹೊರಳಿ ಹಸಿರು ನೀರು ಕಕ್ಕಿದಳು. ಆಮೇಲೆ ಕಣ್ಣು ಅರ್ಧ ತೆರೆದು, “ಯಾಕವ್ವ, ಕೂಸ್ನ ಇಂಗ್ ಅಳಿಸ್ತಿದ್ದೀರಿ?” ಎಂದಳು.

ಆಗ ಅತ್ತೂ ಅತ್ತೂ ಮಲ್ಲಿಗಮ್ಮನಿಗೆ ಬಿಕ್ಕಳಿಕೆ ಹತ್ತಿತು.

ಹೊನ್ನಯ್ಯ ಮದ್ದೂರಿಗೆ ಹೋಗಿ ಡಾಕ್ಟರನ್ನು ಕರೆತಂದ. ಅವರು ಇಬ್ಬರ ಎದೆಗೂ ಕೊಳವೆ ಇಟ್ಟು ಕೇಳಿ, ಜೀವಕ್ಕೆ ಭಯವಿಲ್ಲ, ಆದರೂ ನಾಲ್ಕು ದಿನ ಕಣ್ಣಿಟ್ಟು ನೋಡಿಕೊಳ್ಳಿ, ಮುಚ್ಚಿದ ಕೋಣೆಯಲ್ಲಿ ಮಾತ್ರ ಮಲಗಿಸಬೇಡಿ ಎಂದು ಹೇಳಿಹೋದರು. ಬಾಣಂತಿಯನ್ನು ಹಜಾರದಲ್ಲಿ ಮಲಗಿಸಿದ್ದುದರಿಂದ ಪಾಷಾ ಖಾಲಿ ಕೋಣೆಗೆ ಹೋಗಿ ಕೆಲಸಕ್ಕೆ ಕೂತ. ಇದ್ದಿಲನ್ನೆಲ್ಲ ಬಾಚಿ ಹೊರಗೆ ಚೆಲ್ಲಿದ. ಕೊಳವೆ ಬಿಚ್ಚಿ ಕೋಲಿಗೆ ಚಿಂದಿ ಸುತ್ತಿ ಒಳಗೆಲ್ಲ ಉಜ್ಜಿದ, ಮತ್ತೆ ಸೇರಿಸಿ ಹೊಸ ಮಣ್ಣು ಮೆತ್ತಿದ. ಸೌದೆಯ ಉರಿ ಹಚ್ಚಿ, ಮಲ್ಲಿಗಮ್ಮನನ್ನು ಕರೆದು ಅವಳ ಕೈಗೇ ಎಣ್ಣೆಯ ಸೊಡರು ಕೊಟ್ಟ.

“ಒಲೆ ಬಾಯಿ ಅತ್ರ ಇಡೀರಿ ಅಕ್ಕ. ಉರಿ ಎತ್ತ ವಾಲ್ತದೆ?”

“ಒಳೀಕೆ.”

“ಒಳೀಕೆ ವಾಲಿದ್ರೆ ಒಲೆ ಉಸಿರಾಡ್ತಾ ಅದೆ ಅಂತ. ನೆಟ್ಟಗೆ ನಿಂತ್ರೆ, ಇಲ್ಲ ನಿಮ್ಮ ಕಡೀಕೆ ವಾಲಿದ್ರೆ, ಬೇರೆ ಏನೂ ಯೋಚ್ನೆ ಮಾಡ್ಬ್ಯಾಡಿ. ಮಗು ಬಾಣಂತಿ ಕರ್ಕೊಂಡು ಈಚೀಕ್ ಬಂದ್ಬುಡಿ.” ಅವನು ತನ್ನ ಕೈ ನೋಡಿಕೊಂಡ. “ಸೌದೆ ಆಕಿ ಅಂತ ಏಳ್ದೆ. ಇದ್ಲು ಆಕ್ಬ್ಯಾಡಿ ಅಂತ ಏಳ್ಲಿಲ್ಲ. ದಿನಾ ಅದ್ರ ಜೊತೇಲೇ ಬಾಳಾಟ ಮಾಡೋನು, ಅಳ್ಳಿ ಮನೇಲಿ ಇದ್ಲು ಯಾರು ಉರುಸ್ತಾರೆ ಅಂದ್ಕೊಂಡ್ಬುಟ್ಟೆ.”

ಸೋಮಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಸಾಬ್ರೆ” ಎಂದಳು. “ಉಂಡ್ಕೊಂಡ್ ಓಗಿ.”

“ಬಸ್ಸಿಗೆ ಒತ್ತಾಯ್ತದೆ ಅಜ್ಜಿ.”

“ನೀವಿಲ್ದೆ ಬಸ್ಸು ಎಲ್ಲಿಗೋದಾತು? ಕೂತ್ಕಳಿ ಸುಮ್ನೆ.”

ಸಂಜೆಯಾಗುತ್ತಿದ್ದಂತೆ ಗದ್ದೆಯ ಕಡೆಯಿಂದ ಚಳಿ ಮತ್ತೆ ಎದ್ದು ಬಂತು. ಹಜಾರದಲ್ಲಿ ಕೂಸನ್ನು ಇಡಲಾಗದೆ, ಮಲ್ಲಿಗಮ್ಮ ಸೊಡರು ಹಿಡಿದು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಮಗಳನ್ನೂ ಮೊಮ್ಮಗುವನ್ನೂ ಕೋಣೆಗೆ ತಂದಳು. ಒಲೆ ಗುರ್ ಎನ್ನುತ್ತಿತ್ತು. ಆ ಸದ್ದು ನಿಂತೀತೇ ಎಂದು ಅವಳ ಕಿವಿ ಅಲ್ಲೇ ನೆಟ್ಟಿತ್ತು. ಕಿಟಕಿಯನ್ನು ಒಂದು ಗೇಣು ತೆರೆದಿಟ್ಟಳು.

ತೆರೆದ ಕಿಟಕಿಯಿಂದ ಗಾಳಿ ಸಣ್ಣಗೆ ಇಳಿದು ಹಾಸಿಗೆಯ ಕಡೆ ಬಂತು. ಕೂಸು ಸೀನಿತು.

ಮಲ್ಲಿಗಮ್ಮನ ಕೈ ತಾನಾಗಿಯೇ ಕಿಟಕಿಯ ಬಾಗಿಲಿಗೆ ಹೋಯಿತು. ಮುಚ್ಚಲೇ? ಮುಚ್ಚಿದರೆ ಬೆಳಗಿನ ಆ ಕೆಂಪು ಮುಖ. ತೆರೆದಿಟ್ಟರೆ ಎರಡು ವರ್ಷದ ಕೆಳಗಿನ ಆ ಬಿಳುಚಿದ ಮುಖ. ಎರಡೂ ಒಂದೇ ಹಾಸಿಗೆಯ ಮೇಲೆ ಕಂಡವು. ಅವಳು ಅತ್ತೆಯ ಮುಖ ನೋಡಿದಳು. ಸೋಮಮ್ಮ ಗೋಡೆಗೊರಗಿ ಕೂತಿದ್ದವಳು ಕಿಟಕಿಯ ಕಡೆ ಒಮ್ಮೆ ನೋಡಿ, ಕೂಸಿನ ಕಡೆ ತಿರುಗಿದಳು. ಈ ಸಲ ಯಾರೂ ಹೇಳಿಕೊಡುವವರಿರಲಿಲ್ಲ.

ಮಲ್ಲಿಗಮ್ಮ ಕಿಟಕಿ ಮುಚ್ಚಲಿಲ್ಲ. ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡು, ಕಿಟಕಿಗೂ ಹಾಸಿಗೆಗೂ ನಡುವೆ, ಗಾಳಿ ಇಳಿಯುವ ಜಾಗಕ್ಕೇ ಬೆನ್ನು ಕೊಟ್ಟು ಕೂತಳು. ಚಳಿ ಅವಳ ಬೆನ್ನಿಗೆ ತಾಕಿ, ಎರಡೂ ಕಡೆ ಸೀಳಿಕೊಂಡು, ಮೆಲ್ಲಗೆ ಒಲೆಯ ಕಡೆ ಹೋಯಿತು.

“ಅವ್ವ, ನಿಂಗೆ ಚಳಿ ಆಗಾಕಿಲ್ವಾ?” ಎಂದಳು ಯಶೋದ ಹಾಸಿಗೆಯಿಂದ.

“ಆಯ್ತದೆ ಕಣ್ ಮಗ” ಎಂದಳು ಮಲ್ಲಿಗಮ್ಮ. “ಆಗ್ಲಿ. ನೀನು ಮಾತಾಡ್ತಿರು.”